ಬಿಡು ಎಂದರೆ ಕಾಲು ತೆಗೆ

ತಮ್ಮನ ಪಿಕಪ್ಪಿನ ಹಿಂದಿನ ಎಡಚಕ್ರದ ಒಳಬದಿಗೆ ಕೈಯಾಡಿಸಿದವಳು ತಟ್ಟನೆ ಕೈ ಹಿಂದಕ್ಕೆಳೆದೆ. ಬೆರಳೆಲ್ಲ ಒದ್ದೆ. ಮೂಸಿ ನೋಡಿದೆ. ನೀರಲ್ಲ, ಇಂಜಿನ್ ಆಯಿಲೂ ಅಲ್ಲ, ಬ್ರೇಕ್ ಆಯಿಲ್. ಬಾನೆಟ್ ಎತ್ತಿದರೆ ಆಯಿಲ್ ಡಬ್ಬಿಯ ತಳ ಕಾಣುತ್ತಿದೆ. ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ. ಪೆಡಲ್ ಮೆತ್ತಗಾಯಿತು ಅನ್ನಿಸಿದಾಗಲೆಲ್ಲ ಒಂದಿಷ್ಟು ಸುರಿದುಕೊಂಡು ಓಡಿಸುತ್ತಿದ್ದೆ ಎಂದ ಮಹಾರಾಯ, ಗಿಡಕ್ಕೆ ನೀರು ಹಾಕಿದವನ ಹಾಗೆ. ದಿನಬೆಳಗಾದರೆ ಜನರ ಮಂಚ, ಬೀರು, ಸೋಫಾ ಹೇರಿಕೊಂಡು ಊರು ಸುತ್ತುವವನು ಹೇಳುವ ಮಾತೇ ಇದು?

ಈ ಶೆಡ್ಡು ಅಪ್ಪ ಕಟ್ಟಿದ್ದು. ಕೆಲಸವನ್ನೂ ಅಪ್ಪನೇ ನನಗೆ ಕಲಿಸಿದ್ದು. ತಮ್ಮನಿಗೂ ಕಲಿಸಲು ನೋಡಿದರು, ಆದರೆ ಅವನು ನಟ್ಟು ಬಿಗಿಯುವ ಮೊದಲೇ ಗಾಡಿ ಸ್ಟಾರ್ಟ್ ಮಾಡುವ ಪೈಕಿ. ಬೀದಿಯವರೆಲ್ಲ ಅವನನ್ನು ಗಡಿಬಿಡಿ ಎಂದೇ ಕರೆಯುತ್ತಾರೆ, ಅವನೂ ನಾಚಿಕೆಯಿಲ್ಲದೆ ಓಗೊಡುತ್ತಾನೆ. ಅವನು ಡ್ರೈವರ್ ಆದ, ನಾನು ಮೆಕ್ಯಾನಿಕ್ ಆದೆ. ಅಮ್ಮ ನನ್ನ ಜೊತೆ ಶೆಡ್ಡಿನ ಮೇಲಿನ ಮನೆಯಲ್ಲಿ ಇದ್ದಳು.

ಇದ್ದಳು ಎಂದೆನಲ್ಲ, ಸಂಕಟ ಅದೇ. ಅಮ್ಮನಿಗೆ ಮಂಡಿನೋವು, ನಮ್ಮ ಮೆಟ್ಟಿಲೋ ಏಣಿಗಿಂತ ಕಡೆ. ಗಡಿಬಿಡಿ ಇಳಿಜಾರಿನ ಕೆಳಗೆ, ದೊಡ್ಡ ರಸ್ತೆಯ ಆಚೆ, ಮೆಟ್ಟಿಲಿಲ್ಲದ ಮನೆ ಹಿಡಿದ. ಅಮ್ಮ ನನ್ನನ್ನು ಒಂದು ಮಾತೂ ಕೇಳದೆ ಅಲ್ಲಿಗೆ ಹೋಗಿ ಇರುತ್ತೇನೆ ಎಂದುಬಿಟ್ಟಳು. ಆ ಬೆಳಿಗ್ಗೆ ಅವಳ ಮಂಚ, ಹಾಸಿಗೆ, ಕಬ್ಬಿಣದ ಪೆಟ್ಟಿಗೆ ಎಲ್ಲ ಪಿಕಪ್ ಏರಿದವು. ಹೊರಡುವ ಹೊತ್ತಿಗೆ ಇವನು, ಅಂದಹಾಗೆ ಬ್ರೇಕ್ ಸ್ವಲ್ಪ ನೋಡಿಬಿಡು ಎಂದಿದ್ದ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಇಬ್ಬರ ಹತ್ತಿರವೂ ಬೇಕಾದದ್ದಕ್ಕಿಂತ ಒಂದು ಮಾತು ಹೆಚ್ಚಿಗೆ ಆಡಬಾರದು ಎಂದು ತೀರ್ಮಾನಿಸಿದ್ದೆ. ಹೊರಡುವಾಗ ಅಮ್ಮನಿಗೆ 'ಹೋಗಿ ಬಾ' ಎಂದೂ ಹೇಳಬಾರದು. ಹೋಗುವವರು ಹೋಗಲಿ.

ಜಾಕ್ ಕೊಟ್ಟು, ಚಕ್ರ ಬಿಚ್ಚಿ, ಡ್ರಮ್ ಕಳಚಿದೆ. ಒಳಗಿನ ಪುಟ್ಟ ಬ್ರೇಕ್ ಸಿಲಿಂಡರಿನ ರಬ್ಬರು ಹರಿದು, ಆಯಿಲ್ ಇಳಿದು, ಚಕ್ರವನ್ನು ಹಿಡಿದು ನಿಲ್ಲಿಸುವ ಬ್ರೇಕ್ ಶೂ ಎರಡೂ ನೆನೆದು ತೊಪ್ಪೆಯಾಗಿದ್ದವು. ಇದನ್ನು ಕಟ್ಟಿಕೊಂಡು ಇವನು ಇಷ್ಟು ದಿನ ಬದುಕಿದ್ದೇ ಹೆಚ್ಚು. ಹೊಸ ಸಿಲಿಂಡರ್ ಕೂಡಿಸಿದೆ, ಹೊಸ ಶೂ ಹಾಕಿದೆ, ಡ್ರಮ್ಮಿನ ಜಿಡ್ಡು ಒರೆಸಿದೆ.

ಇನ್ನು ಪೈಪಿನೊಳಗೆ ಸೇರಿಕೊಂಡ ಗಾಳಿ ತೆಗೆಯಬೇಕು. ಅದಕ್ಕೆ ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ತುಳಿಯಬೇಕು, ಇನ್ನೊಬ್ಬರು ಕೆಳಗೆ ಸಿಲಿಂಡರಿನ ನಿಪ್ಪಲ್ ಎಂಬ ಪುಟ್ಟ ತಿರುಪು ಸಡಿಲಿಸಿ ಗಾಳಿ ಹೊರಗೆ ಹಾಕಬೇಕು. ಅಪ್ಪನ ಕಾಲದಿಂದಲೂ ನಮ್ಮ ಶೆಡ್ಡಿನಲ್ಲಿ ಅದಕ್ಕೆ ಮೂರೇ ಮಾತು. ಒತ್ತು. ಹಿಡಿ. ಬಿಡು. ಬಿಡು ಎಂದರೆ ಪೆಡಲಿನಿಂದ ಕಾಲು ತೆಗೆ ಎಂದರ್ಥ. ಗಡಿಬಿಡಿ ಸ್ಟೀರಿಂಗ್ ಹಿಡಿದು ಕೂತ. ಅಮ್ಮ ಆಗಲೇ ಪಕ್ಕದ ಸೀಟಿನಲ್ಲಿ, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು, ನನ್ನ ಕಡೆ ನೋಡದೆ ಕೂತಿದ್ದಳು. ಒತ್ತು, ಹಿಡಿ, ಬಿಡು. ಗುಳ್ಳೆಗಳು ಬಂದು ಬಂದು ನಿಂತವು. ಚಕ್ರ ಏರಿಸಿ ಜಾಕ್ ಇಳಿಸಿದೆ.

ಕೊನೆಗೊಮ್ಮೆ ಜೋರಾಗಿ ಒತ್ತಿ ಹಿಡಿಯಲು ಹೇಳಿ, ಟಾರ್ಚ್ ಹಾಕಿಕೊಂಡು ಗಾಡಿಯ ಕೆಳಗೆ ತೂರಿದೆ. ಹಿಂದಿನ ಆಕ್ಸಲಿನ ಮೇಲೆ ಬ್ರೇಕ್ ಆಯಿಲ್ ಹರಿಯುವ ರಬ್ಬರ್ ಹೋಸು ಒಂದು ಕಡೆ ಊದಿಕೊಂಡಿತ್ತು. ನೋಡುತ್ತಿದ್ದ ಹಾಗೇ ಅದರ ಬಿರುಕಿನಿಂದ ಒಂದು ಹನಿ ಹೊರಬಂತು. ಪೆಡಲ್ ಒತ್ತಿದಾಗ ಮಾತ್ರ ಕಾಣುವ ಸೋರಿಕೆ. ಚಕ್ರದ ಸೋರಿಕೆಯ ಮರೆಯಲ್ಲಿ ಇದು ಅಡಗಿಕೊಂಡಿತ್ತು. ಗಾಡಿಯೋ ಓಬೀರಾಯನ ಕಾಲದ್ದು. ನಾಲ್ಕೂ ಚಕ್ರಕ್ಕೆ ಒಂದೇ ಆಯಿಲ್ ಸಾಲು, ಎಲ್ಲಿ ಒಡೆದರೂ ನಾಲ್ಕೂ ಹೋದವು ಅಂತಲೇ ಲೆಕ್ಕ. ಇಳಿಜಾರಿನಲ್ಲಿ ಈ ಹೋಸು ಉಳಿಯುವುದಿಲ್ಲ.

ಅವನಿಗೆ ಹೇಳಬಹುದಿತ್ತು. ಮಾತಾಡಬಾರದು ಎಂಬ ಹಟ ಇತ್ತಲ್ಲ, ಹೇಳಲಿಲ್ಲ. ಎದ್ದು ಕೈ ಒರೆಸಿಕೊಳ್ಳುತ್ತ, ಹೊಸ ಹೋಸು ತರಲು ಒಳಗಿನ ಕಪಾಟಿನತ್ತ ನಡೆದೆ.

"ಅಕ್ಕಾ, ಬಿಡ್ಲಾ?" ಹೊರಗಿನಿಂದ ಕೂಗಿದ.

ಇನ್ನೂ ಪೆಡಲ್ ಒತ್ತಿಕೊಂಡೇ ಕೂತಿದ್ದಾನೆ, ಪಾಪ, ಅಂದುಕೊಂಡೆ.

"ಬಿಡು."

ಹೋಸು ಸಿಕ್ಕಿತು. ಅದಕ್ಕೆ ತಕ್ಕ ಪಾನಾ ಹುಡುಕಿದೆ. ಯಾವುದೋ ಇಂಜಿನ್ ಸದ್ದಾಯಿತು. ಶೆಡ್ಡಿನಲ್ಲಿ ಇಂಜಿನ್ ಸದ್ದಿಗೆ ಯಾರು ಕಿವಿ ಕೊಡುತ್ತಾರೆ? ಹೊರಗೆ ಬಂದೆ.

ಗಾಡಿ ಇಲ್ಲ. ಗಾಡಿ ನಿಂತಿದ್ದ ಜಾಗದಲ್ಲಿ ಒಂದು ಒದ್ದೆ ಕಲೆ, ಚಕ್ರಕ್ಕೆ ಅಡ್ಡ ಕೊಟ್ಟಿದ್ದು ಈಗ ಪಕ್ಕಕ್ಕೆ ಸರಿಸಿದ ಕಲ್ಲು. ಒಂದು ಗಳಿಗೆ ನನಗೆ ಏನೂ ಅರ್ಥವಾಗಲಿಲ್ಲ. ಆಮೇಲೆ ನಾನೇ ಹೇಳಿದ ಮಾತು ಕಿವಿಯಲ್ಲಿ ಕೇಳಿಸಿತು. ಡ್ರೈವರಿಗೆ ಬಿಡು ಎಂದರೆ ಗಾಡಿ ಬಿಡು. ಅವನಿಗೆ ಫೋನ್ ಮಾಡಿದರೆ ಅವನ ಫೋನು ನನ್ನ ಪಾನಾಗಳ ನಡುವೆಯೇ ಬಿದ್ದುಕೊಂಡು ಬಡಿದುಕೊಂಡಿತು.

ಓಡಿದೆ. ಹೋಸು ಕೈಯಲ್ಲೇ ಇತ್ತು. ಪಕ್ಕದ ಅಂಗಡಿಯ ಟೈಲರ್ ಏನಾಯಿತು ಎಂದು ಕೇಳಿದ್ದು ಕಿವಿಗೆ ಬಿತ್ತು, ನಿಲ್ಲಲಿಲ್ಲ. ಇಸ್ತ್ರಿ ಅಂಗಡಿಯ ತಿರುವು ದಾಟಿದರೆ ಇಳಿಜಾರು, ಅದರ ಬುಡದಲ್ಲಿ ಬಸ್ ಸ್ಟಾಪು, ಆಚೆಗೆ ಲಾರಿಗಳು ಓಡಾಡುವ ರಸ್ತೆ. ಅಮ್ಮ ಬೆಲ್ಟ್ ಹಾಕಿಕೊಳ್ಳುವುದಿಲ್ಲ, ಎದೆ ಬಿಗಿಯುತ್ತದೆ ಎನ್ನುತ್ತಾಳೆ. ಅಯ್ಯೋ, ನಾನೇ ಕೊಂದೆನಲ್ಲ, ನನ್ನ ಬಾಯಾರೆ ಕೊಂದೆನಲ್ಲ ಎಂದು ಅಳುತ್ತ ತಿರುವಿಗೆ ಬಂದೆ.

ಗಾಡಿ ಅಲ್ಲೇ ನಿಂತಿತ್ತು. ಇಳಿಜಾರು ಶುರುವಾಗುವ ಜಾಗದಲ್ಲಿ, ಇಸ್ತ್ರಿ ಅಂಗಡಿಯ ಎದುರು. ಗಡಿಬಿಡಿ ಕೆಳಗಿಳಿದು ಸೊಂಟದ ಮೇಲೆ ಕೈಯಿಟ್ಟುಕೊಂಡು ಉರಿಯುತ್ತಿದ್ದ. ಅಮ್ಮ ಸೀಟಿನಲ್ಲೇ ಇದ್ದಳು, ಕೀ ಅವಳ ಮುಷ್ಟಿಯಲ್ಲಿತ್ತು. ತಿರುವಿಗೆಂದು ಇವನು ನಿಧಾನ ಮಾಡಿದಾಗ ಕೈ ಚಾಚಿ ಇಂಜಿನ್ ಆರಿಸಿಬಿಟ್ಟಳಂತೆ. ಇವನು ಬೆಚ್ಚಿಬಿದ್ದು ಬ್ರೇಕ್ ಅದುಮಿ, ಹ್ಯಾಂಡ್‌ಬ್ರೇಕ್ ಎಳೆದನಂತೆ.

"ನೋಡಕ್ಕ, ನಡುರಸ್ತೇಲಿ ಕೀ ಕಿತ್ಕೊಂಡು ಕೂತಿದ್ದಾಳೆ. ಬಿಡು ಅಂತ ನೀನೇ ತಾನೇ ಅಂದಿದ್ದು?"

ನಾನು ಗಾಡಿಯ ಕೆಳಗೆ ಕೈ ತೋರಿಸಿದೆ. ಹೋಸು ಒಡೆದು ಬ್ರೇಕ್ ಆಯಿಲ್ ಇಳಿಜಾರಿನತ್ತ ತೆಳ್ಳಗೆ ಹರಿಯುತ್ತಿತ್ತು. ಆ ಒಂದು ಸಲ ಅದುಮಿದ್ದಕ್ಕೇ ಹೋಗಿತ್ತು, ಗಾಡಿಯನ್ನು ಹಿಡಿದು ನಿಲ್ಲಿಸಿದ್ದು ತಂತಿಯ ಹ್ಯಾಂಡ್‌ಬ್ರೇಕ್ ಮಾತ್ರ. ಅವನು ಬಗ್ಗಿ ಒಳಗೆ ಕೈ ಹಾಕಿ ಪೆಡಲ್ ಒತ್ತಿದ. ಅದು ಸೀದಾ ನೆಲಕ್ಕೆ ಹೋಯಿತು. ಕೆಳಗಿನ ಬಸ್ ಸ್ಟಾಪನ್ನೊಮ್ಮೆ ನೋಡಿದ, ಅಲ್ಲೇ ರಸ್ತೆಯಂಚಿನಲ್ಲಿ ಕುಕ್ಕರಿಸಿದ.

"ಕಾಲು ಬಿಡು ಅಂದಿದ್ದು ಕಣೋ," ಎಂದೆ. "ಗಾಡಿ ಅಲ್ಲ." ಅಮ್ಮನ ಕಡೆ ತಿರುಗಿ, ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ.

ಅಮ್ಮನಿಗೆ ಹೋಸೂ ಗೊತ್ತಿಲ್ಲ, ಸೋರಿಕೆಯೂ ಗೊತ್ತಿಲ್ಲ.

"ನೀನು ಹೋಗಿ ಬಾ ಅನ್ಲಿಲ್ವಲ್ಲ," ಎಂದಳು. "ಇವನಿಗೆ ಹೇಳ್ದೆ, ಎಷ್ಟೇ ಸಿಟ್ಟಿರ್ಲಿ, ನನ್ನ ಕಳಿಸೋವಾಗ ಅಷ್ಟೂ ಅನ್ನದೆ ಇರ್ತಾಳೇನೋ ಅವ್ಳು, ಕೆಲಸ ಇನ್ನೂ ಮುಗ್ದಿಲ್ಲ, ನಿಲ್ಸೋ ಅಂತ. ಕೇಳ್ಲಿಲ್ಲ."

ಓಡಿ ಬರುವಾಗಲೂ ನಾನು ಇಷ್ಟು ಹೆದರಿರಲಿಲ್ಲ. ಯಾವ ಮಾತನ್ನು ಆಡುವುದೇ ಇಲ್ಲ ಎಂದು ಬೆಳಗಿನಿಂದ ಹಲ್ಲು ಕಚ್ಚಿಕೊಂಡಿದ್ದೆನೋ, ಅದನ್ನು ನಾನು ಆಡಿಯೇ ಆಡುತ್ತೇನೆ ಎಂದು ಇವಳು ನಂಬಿ ಕೂತಿದ್ದಳು. ನಾನು ಮಾತ್ರ ಇವಳು ನನ್ನನ್ನು ಬಿಟ್ಟು ಹೊರಟೇಹೋದಳು ಎಂದು ಲೆಕ್ಕ ಹಾಕಿಬಿಟ್ಟಿದ್ದೆ.

ಚಕ್ರಗಳಿಗೆ ಕಲ್ಲು ಕೊಟ್ಟು ಅಲ್ಲೇ ರಸ್ತೆಯಲ್ಲಿ ಹೋಸು ಬದಲಾಯಿಸಿದೆ. ಟೈಲರ್ ಶೆಡ್ಡಿನಿಂದ ಪಾನಾ, ಆಯಿಲ್ ಎಲ್ಲ ತಂದುಕೊಟ್ಟ. ನಟ್ಟು ಎರಡು ಸಲ ಕೈ ಜಾರಿ ಬಿತ್ತು. ಮತ್ತೆ ಗಾಳಿ ತೆಗೆದೆವು. ಈ ಸಲ ಗಡಿಬಿಡಿ, ಕಾಲು ಬಿಡ್ತಾ ಇದೀನಿ ಅಕ್ಕ, ಕಾಲು ಮಾತ್ರ, ಎಂದು ಪ್ರತಿ ಸಲವೂ ಬೀದಿಗೆಲ್ಲ ಕೇಳುವಂತೆ ಸಾರಿದ. ಇಸ್ತ್ರಿಯವನು ನಕ್ಕ. ನನಗೆ ನಗು ಬರಲಿಲ್ಲ. ಕಡೆಗೆ ಪೆಡಲ್ ಕಲ್ಲಿನಂತೆ ನಿಂತಿತು. ಜೋರಾಗಿ ಒತ್ತಿಸಿ ಕೆಳಗೆ ನೋಡಿದೆ, ಎಲ್ಲ ಒಣಗಿತ್ತು.

ಅವನು ಕೀಗೆ ಕೈ ಚಾಚಿದ. ಅಮ್ಮ ಕೊಡಲಿಲ್ಲ. ನನ್ನ ಮುಖವನ್ನೇ ನೋಡುತ್ತ ಕೂತಳು.

ಕಿಟಕಿಗೆ ಹತ್ತಿರ ಹೋಗಿ ನಿಂತೆ. "ಹೋಗಿ ಬಾ ಅಮ್ಮ," ಎಂದೆ.

ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಕೀಯ ಹಲ್ಲು ಕೆಂಪಗೆ ಒತ್ತಿಕೊಂಡಿತ್ತು.

"ಬರ್ತೀನಿ," ಎಂದಳು.