ಇಪ್ಪತ್ತಮೂರು ಸಲ ಕೆಟ್ಟ ಟೋಪಿ

ಎಲ್ಲರಿಗೂ ಟೋಪಿ ಹಾಕಿದವನಿಗೆ ನಾವು ತಿರುಗಿ ಟೋಪಿ ಹಾಕಿದ ಕಥೆ ಇದು, ಅದೂ ಅಕ್ಷರಶಃ. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ಆ ಟೋಪಿಗೆ ತಂತಿ ಎಳೆದವನು ನಾನೇ ಆದ್ದರಿಂದ ಬೇರೆ ಸಾಕ್ಷಿ ಬೇಕಿಲ್ಲ.

ನೆಕರ್ ನದಿಯ ದಂಡೆಯಲ್ಲಿದ್ದ ನಮ್ಮ ಸಂಸ್ಥೆಯಲ್ಲಿ ಟಿಲ್ಮನ್ ಕ್ರೆಬ್ಸ್ ಐದು ವರ್ಷದಿಂದ ಪಿಎಚ್.ಡಿ. ಮಾಡುತ್ತಿದ್ದ. ವಿಷಯ, ಮನುಷ್ಯರೇ ಇಲ್ಲದ ಕಾರ್ಖಾನೆ. ಕೂದಲೆಳೆಯಷ್ಟೂ ತಪ್ಪದೆ ಲೋಹ ಕಡೆಯುವ ಯಂತ್ರಗಳು ತಾವೇ ತುಂಡು ಎತ್ತಿಕೊಂಡು, ತಾವೇ ಅಳೆದು, ತಾವೇ ತಿದ್ದಿಕೊಂಡು ದುಡಿಯುತ್ತಿರಬೇಕು. ಮಾತಿಗೊಮ್ಮೆ "ಪ್ರಕ್ರಿಯೆಯ ದೃಷ್ಟಿಯಿಂದ" ಅನ್ನುತ್ತಿದ್ದ, ಅದೂ ಮೂಗಿನಿಂದ. ಕ್ಯಾಂಟೀನಿನಲ್ಲಿ ಉಪ್ಪನ್ನೂ ಪ್ರಕ್ರಿಯೆಯ ದೃಷ್ಟಿಯಿಂದಲೇ ಕೇಳುತ್ತಿದ್ದ.

ಅವನ ಕೊನೆಯ ಪ್ರಯೋಗ ಮೂರು ದಿನ ನಡೆಯಿತು. ಉಕ್ಕು ಕಡೆಯುವಾಗ ಏಳುವ ಉದ್ದನೆಯ ಸುರುಳಿ ಆಗಾಗ ಸಿಕ್ಕಿಕೊಂಡು ಯಂತ್ರ ನಿಲ್ಲುತ್ತಿತ್ತು. ಸ್ವಲ್ಪ ಕಣ್ಣಿಟ್ಟಿರಿ ಎಂದು ಅವನೇ ಕೇಳಿಕೊಂಡಿದ್ದರಿಂದ, ವರ್ಕ್‌ಶಾಪಿನ ಮುಖ್ಯಸ್ಥೆ ಫ್ರಾವ್ ಎಬರ್ಲೆ ಊಟದ ಡಬ್ಬಿ ಸಮೇತ ಅಲ್ಲೇ ಬೀಡುಬಿಟ್ಟಿದ್ದರು. ಯಂತ್ರ ನಿಂತಾಗಲೆಲ್ಲ ಬಾಗಿಲು ತೆರೆದು, ಕೊಕ್ಕೆಯಿಂದ ಸುರುಳಿ ಎಳೆದುಹಾಕಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು ಹಾಕಿದರು. ಒಟ್ಟು ಇಪ್ಪತ್ತಮೂರು ಗೀಟು.

ಪ್ರಬಂಧದಲ್ಲಿ ಬಂದದ್ದು ಹೀಗೆ: ಮಾನವ ಹಸ್ತಕ್ಷೇಪ, ಸೊನ್ನೆ. ಇದೇನಯ್ಯಾ ಎಂದು ಕೇಳಿದರೆ, ಅದು ಹಸ್ತಕ್ಷೇಪವಲ್ಲ, ಪ್ರಕ್ರಿಯೆಯ ದೃಷ್ಟಿಯಿಂದ ಸ್ವಚ್ಛತೆ ಎಂದ. ಕೃತಜ್ಞತೆಯ ಪುಟದಲ್ಲಿ ಅವನ ಬೆಕ್ಕಿನ ಹೆಸರಿತ್ತು, ಎಬರ್ಲೆಯವರದಿರಲಿಲ್ಲ. ಅಷ್ಟಕ್ಕೇ ಮುಗಿದಿದ್ದರೆ ಬೈದು ಬಿಡುತ್ತಿದ್ದೆವು. ಆದರೆ ಆ ಸೊನ್ನೆಯನ್ನು ನಂಬಿದ ಸಂಸ್ಥೆಯ ಮುಖ್ಯಸ್ಥ, ಅವನ ಮಾರ್ಗದರ್ಶಕ ಪ್ರೊಫೆಸರ್ ಹೈಡೆನ್, ಇನ್ನು ವರ್ಕ್‌ಶಾಪ್ ಯಾಕೆ ಎಂದು ಅದನ್ನು ಮುಚ್ಚುವ ಕಾಗದ ಬರೆಸಿದರು. ನಿವೃತ್ತಿಗೆ ನಾಲ್ಕು ವರ್ಷವಿದ್ದ ಎಬರ್ಲೆ ಉಗ್ರಾಣದಲ್ಲಿ ಸ್ಕ್ರೂ ವಿಂಗಡಿಸಲು ಹೋಗಬೇಕಿತ್ತು.

ಪ್ರೊಫೆಸರರಿಗೆ ಹೇಳಿಬಿಡೋಣ ಎಂದೆ. ಎಬರ್ಲೆ ಕೊಕ್ಕೆ ಒರೆಸುತ್ತ ತಲೆಯಾಡಿಸಿದರು.

"ಬೇಡಪ್ಪ. ನಾನು ಹೇಳಿದ್ರೆ ಚಾಡಿ ಆಗತ್ತೆ. ಅವನ ಬಾಯಿಂದಾನೇ ಬರ್ಲಿ. ಟೋಪಿ ಮಾಡೋದು ನಾವೇ ತಾನೆ?"

ನಮ್ಮಲ್ಲಿ ಪಿಎಚ್.ಡಿ.ಯ ಮೌಖಿಕ ಪರೀಕ್ಷೆ ಗೆದ್ದವನಿಗೆ ಜೊತೆಯವರು ತಾವೇ ಮಾಡಿದ ಟೋಪಿ ತೊಡಿಸುತ್ತಾರೆ. ಅವನನ್ನು ಗೇಲಿ ಮಾಡುವ ಒಂದು ಒಗಟು ಅದರಲ್ಲಿರಬೇಕು. ಒಗಟು ಬಿಡಿಸುವ ತನಕ ಟೋಪಿ ತೆಗೆಯುವಂತಿಲ್ಲ, ಯಾರಿಗೂ ಬಿಯರ್ ಸುರಿಯುವಂತಿಲ್ಲ. ಟೋಪಿ ತಯಾರಾಗುವುದು ವರ್ಕ್‌ಶಾಪಿನಲ್ಲೇ. ತನ್ನ ಸೊನ್ನೆಯಿಂದ ಅದರ ಬಾಗಿಲು ಮುಚ್ಚಿಸಹೊರಟ ಕ್ರೆಬ್ಸ್ ಇದನ್ನು ಮರೆತಿದ್ದ.

ಮೂರು ವಾರ ಕೂತು ಮಾಡಿದೆವು. ಪಾರದರ್ಶಕ ಗುಮ್ಮಟದೊಳಗೆ ಅಂಗೈಯಗಲದ ಲೇತ್. ಅದು ಬಿಯರ್ ಪೀಪಾಯಿಯ ನಲ್ಲಿಗೆ ಅಲ್ಯೂಮಿನಿಯಂ ಹಿಡಿಯೊಂದನ್ನು ತಾನಾಗಿ ಕಡೆದುಕೊಡಬೇಕು. ಹಿಡಿ ಉದುರಿದರೆ ಗದ್ದದ ಪಟ್ಟಿಯ ಬೀಗ ಬಿಡುತ್ತದೆ.

ಕ್ರೆಬ್ಸ್ ಪರೀಕ್ಷೆ ಗೆದ್ದ ದಿನ ಮಧ್ಯಾಹ್ನ ಪ್ರೊಫೆಸರರೇ ಟೋಪಿ ತೊಡಿಸಿ ಗುಂಡಿ ಒತ್ತಿದರು. ಕ್ರೆಬ್ಸ್‌ನ ತಾಯಿ ಕ್ಯಾಮೆರಾ ಹಿಡಿದಿದ್ದರು. ಲೇತ್ ಗುಂಯ್ ಎಂದಿತು, ಸುರುಳಿ ಸುತ್ತಿಕೊಂಡಿತು, ನಿಂತಿತು, ಕೆಂಪು ದೀಪ ಹತ್ತಿತು. ಟೋಪಿ ಮೂಗಿನಿಂದ ಮಾತಾಡಿತು: "ಪ್ರಕ್ರಿಯೆಯ ದೃಷ್ಟಿಯಿಂದ ಎಲ್ಲ ಸರಿಯಾಗಿದೆ."

ಧ್ವನಿ ನನ್ನದು, ಮೂಗು ಅವನದು. ಹೆತ್ತ ತಾಯಿಯೇ ಮಗನ ಕಡೆ ತಿರುಗಿ ಏನಂದೆ ಎಂದು ಕೇಳಿದ್ದು ನನಗೆ ಸಿಕ್ಕ ಬಹುಮಾನ.

ಸುರುಳಿ ಎಳೆಯುವ ಕಿಂಡಿ ಹಿಂದಲೆಯ ಮೇಲಿತ್ತು. ಅವನು ಕೈ ತಿರುಚಿ ತಡಕಾಡಿದ, ಎಟುಕಲಿಲ್ಲ. ಎಟುಕದ ಹಾಗೆ ಅಳತೆ ತೆಗೆದೇ ಇಟ್ಟಿದ್ದೆವು. ಕೊಕ್ಕೆ ಹಿಡಿದು ಬೆನ್ನ ಹಿಂದೆ ಎಬರ್ಲೆ ನಿಂತಿದ್ದರು, ಬಾಯಿಬಿಟ್ಟು ಕೇಳಲಿ ಎಂದು.

"ಫ್ರಾವ್ ಎಬರ್ಲೆ, ದಯವಿಟ್ಟು," ಎಂದ ಕೊನೆಗೆ.

"ಅದಕ್ಕೇನಂತೆ, ಹೆರ್ ಡಾಕ್ಟರ್."

ಎಳೆದರು. ಅವನ ಹಣೆಯ ಮೇಲಿನ ಪುಟ್ಟ ಪರದೆಯಲ್ಲಿ "ಮಾನವ ಹಸ್ತಕ್ಷೇಪ: 0" ಇದ್ದದ್ದು 1 ಆಯಿತು. ಅದು ಎಲ್ಲರಿಗೂ ಕಾಣುತ್ತಿತ್ತು, ಅವನೊಬ್ಬನನ್ನು ಬಿಟ್ಟು. ಲೇತ್ ಮತ್ತೆ ತಿರುಗಿತು, ಮತ್ತೆ ನಿಂತಿತು. ಮತ್ತೆ ದಯವಿಟ್ಟು. ಐದಕ್ಕೆ ಜನ ಕೂಡಿ ಎಣಿಸತೊಡಗಿದರು. ಒಂಬತ್ತಕ್ಕೆ ಅವನ ಕುತ್ತಿಗೆ ಕೆಂಪಾಯಿತು. ಎಣಿಕೆ ಎಲ್ಲಿಗೆ ಹೊರಟಿದೆ ಎಂಬುದು ಅವನಿಗೆ ಹೊಳೆದಿತ್ತು. ಬಾಯಾರಿದ ಪ್ರೊಫೆಸರ್, ಇನ್ನೂ ಎಷ್ಟು ಸಲ ಎಂದು ಕೇಳಿದರು.

"ಒಟ್ಟು ಇಪ್ಪತ್ಮೂರು, ಹೆರ್ ಪ್ರೊಫೆಸರ್," ಎಂದರು ಎಬರ್ಲೆ. "ಯಾಕೆ ಅಂತ ಹೆರ್ ಡಾಕ್ಟರ್‌ನೇ ಕೇಳಿ."

ಎಲ್ಲರೂ ಅವನನ್ನು ನೋಡಿದರು. ಓಡಿಹೋಗೋಣವೆಂದರೆ ತಲೆಯ ಮೇಲೆ ಲೇತ್.

"ಪ್ರಕ್ರಿಯೆಯ..." ಎಂದು ಶುರುಮಾಡಿ ನುಂಗಿಕೊಂಡ. "ಆ ಮೂರು ದಿನದಲ್ಲಿ ಇವ್ರು ಯಂತ್ರದ ಬಾಗಿಲು ತೆಗ್ದಿದ್ದು ಇಪ್ಪತ್ಮೂರು ಸಲ. ನಾನು ಸೊನ್ನೆ ಅಂತ ಬರ್ದೆ."

ಪ್ರೊಫೆಸರ್ ಖಾಲಿ ಗ್ಲಾಸನ್ನು ಮೇಜಿನ ಮೇಲಿಟ್ಟರು.

"ಪ್ರಬಂಧ ಪುಸ್ತಕವಾಗಿ ಅಚ್ಚಾಗೋಕೆ ನನ್ನ ಸಹಿ ಬೇಕಲ್ವಾ? ಅಲ್ಲೀವರೆಗೂ ನೀವು ಡಾಕ್ಟರೂ ಅಲ್ಲ. ಸೋಮವಾರ ಆ ಸೊನ್ನೆ ತಿದ್ಕೊಂಡು ಬನ್ನಿ. ಏನಾಯ್ತು ಅಂತ ಸಮಿತಿಗೆ ನೀವೇ ಬರೆದುಕೊಡಿ. ವರ್ಕ್‌ಶಾಪಿನ ಆ ಕಾಗದಾನ ನಾನೇ ಹರಿದುಹಾಕ್ತೀನಿ."

ಅಲ್ಲಿಗೆ ನಿಲ್ಲಿಸಬಹುದಿತ್ತು. ಎಬರ್ಲೆ ನಿಲ್ಲಿಸಲಿಲ್ಲ. ಉಳಿದ ಹದಿನಾಲ್ಕು ಸಲವೂ ಅವನು ದಯವಿಟ್ಟು ಎನ್ನುವವರೆಗೆ ಕಾದರು, ಆಮೇಲೇ ಕೊಕ್ಕೆ ಹಾಕಿದರು. ನನಗೆ ಅಷ್ಟು ರುಚಿಯಾದ ಅರ್ಧಗಂಟೆ ಜೀವನದಲ್ಲಿ ಬೇರೆ ಇಲ್ಲ.

ಇಪ್ಪತ್ತಮೂರಕ್ಕೆ ಹಿಡಿ ಅವನ ಅಂಗೈಗೆ ಬಿತ್ತು, ಬೀಗ ಕಳಚಿತು. ಟೋಪಿ ಕೈಗೆ ತೆಗೆದುಕೊಂಡು ಹಣೆಯ ಅಂಕಿಯನ್ನು ಮೊದಲ ಸಲ ನೋಡಿದ. ಅಷ್ಟರಲ್ಲಿ ಟೋಪಿ, ಯಾರೂ ಕೇಳದಿದ್ದರೂ, ಪ್ರಕ್ರಿಯೆಯ ದೃಷ್ಟಿಯಿಂದ ಎಲ್ಲ ಸರಿಯಾಗಿದೆ ಎಂದಿತು. ಮೊದಲು ಅವನ ತಾಯಿಗೆ ತಡೆಯಲಾಗಲಿಲ್ಲ, ಆಮೇಲೆ ಪ್ರೊಫೆಸರರಿಗೆ. ನಾವೆಲ್ಲ ನಕ್ಕೆವು. ಎಲ್ಲರಿಗಿಂತ ಜೋರಾಗಿ, ಟೋಪಿಯನ್ನು ಎದೆಗವಚಿಕೊಂಡು, ಕ್ರೆಬ್ಸ್ ನಗುತ್ತಿದ್ದ.