ಯಾರ ನಂಬರು

ಬೆಳಿಗ್ಗೆಯಿಂದ ನರ್ಸಮ್ಮನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಟ್ಯಾಬಿನಲ್ಲಿ ಟೈಲರಮ್ಮನ ಹೆಸರಿನ ಪಕ್ಕ ಕೆಂಪು ಗುರುತು ಮೂಡಿತ್ತು. ಎಂಟು ತಿಂಗಳ ಬಸುರಿಗೆ ಬಿಪಿ ಜಾಸ್ತಿಯೆಂದು ಆರೋಗ್ಯ ಕೇಂದ್ರದಿಂದ ಒಂದು ಯಂತ್ರ ಕೊಟ್ಟಿದ್ದರು. ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ಅಂಕಿ ತಾನಾಗಿಯೇ ಟ್ಯಾಬಿಗೆ ಬಂದು ಬೀಳುತ್ತಿತ್ತು. ಏರಿದರೆ ಮನೆಯವರ ಫೋನಿಗೆ, ಕೂಡಲೇ ಬನ್ನಿ ಎಂಬ ಸಂದೇಶ ಹೋಗುತ್ತಿತ್ತು.

ಸಂದೇಶವೇನೋ ಹೋಗಿತ್ತು, ಯಾರೂ ಬಂದಿರಲಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್. ಇನ್ನೊಬ್ಬರಿಗೆ ಇಂಜೆಕ್ಷನ್ ಕೊಟ್ಟು ಬಂದು ಮತ್ತೆ ಮಾಡಿದಳು. ಅದೇ ಕಥೆ. ಕೊನೆಗೆ ಉಳಿದವರನ್ನು ಕಾಂಪೌಂಡರಿಗೆ ಒಪ್ಪಿಸಿ ಸ್ಕೂಟರ್ ಹತ್ತಿದಳು.

ಟೈಲರಮ್ಮ ಹೊಲಿಗೆ ಯಂತ್ರದ ಮುಂದೆಯೇ ಇದ್ದಳು. ಮುಖ ಊದಿಕೊಂಡಿತ್ತು. ತಲೆ ಸಿಡಿಯುತ್ತಿದೆ, ಸೂಜಿ ಎರಡೆರಡಾಗಿ ಕಾಣುತ್ತಿದೆ, ಕಣ್ಣಿಗೆ ಆಯಾಸವಾಗಿರಬೇಕು ಎಂದಳು. ಇದು ಕಣ್ಣಿನದಲ್ಲ, ಬಿಪಿಯದು ಎಂದು ನರ್ಸಮ್ಮ ಕೂಡಲೇ ಆಟೋಗೆ ಫೋನ್ ಮಾಡಿದಳು.

"ಫೋನೆಲ್ಲಮ್ಮಾ?"

"ಅವ್ರ ಹತ್ರ. ಲಾರಿ ತಗೊಂಡು ಹೋಗಿದಾರೆ."

ವಿಷಯ ಕೇಳಿದ ಅತ್ತೆ, ಮಗನನ್ನೂ ಸೊಸೆಯನ್ನೂ ಒಟ್ಟಿಗೇ ಬೈಯುತ್ತ ಚಪ್ಪಲಿ ಮೆಟ್ಟಿದರು. ಆಟೋ ದೊಡ್ಡಾಸ್ಪತ್ರೆಯ ದಾರಿ ಹಿಡಿದಾಗ ಅವರ ಕೈಚೀಲದೊಳಗೆ ಏನೋ ಗುಂಯ್‌ಗುಟ್ಟಿತು. ಹಳೇ ಬಟನ್ ಫೋನು. ಕರೆ ಮಗನದೇ, ಚಾರ್ಜಿಗೆ ಹಾಕಿ ಈಗಷ್ಟೇ ಸಂದೇಶ ನೋಡಿದನಂತೆ.

"ನಿಮ್ಮ ಹತ್ರಾನೂ ಫೋನಿತ್ತಾ?" ಎಂದಳು ನರ್ಸಮ್ಮ.

"ಯಾವಾಗ್ಲೂ ಇರುತ್ತೆ. ನನ್ನ ಯಾರು ಕೇಳಿದ್ರು?"

ಯಾರೂ ಕೇಳಿರಲಿಲ್ಲ. ಟ್ಯಾಬು ಯಜಮಾನರ ನಂಬರ್ ಕೇಳಿತ್ತು, ನರ್ಸಮ್ಮ ತುಂಬಿಸಿದ್ದಳು.

ಅಂದೇ ಆಪರೇಷನ್ ಮಾಡಿ ಮಗು ತೆಗೆದರು. ಗುಬ್ಬಚ್ಚಿಯಂಥ ಹೆಣ್ಣುಮಗು, ಗಾಜಿನ ಪೆಟ್ಟಿಗೆಯೊಳಗೆ ಕೈಕಾಲು ಬಡಿಯುತ್ತಿತ್ತು. ತಾಯಿಯ ಬಿಪಿ ಮಾತ್ರ ಸತಾಯಿಸಿ ಸತಾಯಿಸಿ ಇಳಿಯಿತು. ನೋಡಲು ಹೋದ ನರ್ಸಮ್ಮ, ಮನೆಗೆ ಹೋದ ಮೇಲೂ ಬಿಪಿ ನೋಡುತ್ತಿರಬೇಕು, ಇನ್ನು ಮುಂದೆ ಯಾರ ನಂಬರ್ ಹಾಕಲಿ ಎಂದು ಅವಳನ್ನೇ ಕೇಳಿದಳು.

ಟೈಲರಮ್ಮ ಸ್ವಲ್ಪ ಯೋಚಿಸಿದಳು. "ಅತ್ತೇದು ಹಾಕಿ. ಮೆಸೇಜ್ ಬೇಡ, ಅವ್ರಿಗೆ ಓದೋಕ್ ಬರಲ್ಲ. ಫೋನೇ ಮಾಡಿ."

ನರ್ಸಮ್ಮ ಹಾಗೆಯೇ ಬದಲಿಸಿದಳು. ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಟ್ಯಾಬಿನಲ್ಲಿ ಇನ್ನೂ ಎಷ್ಟೋ ಬಸುರಿಯರ ಹೆಸರುಗಳಿದ್ದವು, ಒಬ್ಬೊಬ್ಬರ ಮುಂದೆಯೂ ಯಾರದೋ ನಂಬರು. ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕೂತು ಮೊದಲನೆಯದಕ್ಕೆ ಕರೆ ಮಾಡಿದಳು. ಗಂಡಸಿನ ದನಿ. ಹೆಂಡತಿ ತವರಿನಲ್ಲಿದ್ದಾಳೆ, ತಾನು ಬೇರೆ ಊರಿನಲ್ಲಿದ್ದೇನೆ ಎಂದ. ಅಲ್ಲಿ ಯಾರ ಹತ್ತಿರ ಫೋನಿದೆ ಎಂದು ಕೇಳುತ್ತ ನರ್ಸಮ್ಮ ಪೆನ್ನಿಗಾಗಿ ತಡಕಾಡಿದಳು.