ಗಲ್ಲಾದಲ್ಲಿ ಲಕ್ಷ್ಮೀದೇವಮ್ಮ

“ಅಂಗಡಿ ಬಿಟ್ಕೊಡಿ ಅಕ್ಕಾ. ಹೊಸದು ಕಟ್ಟಿದ ಮೇಲೆ ಗಲ್ಲಾದಲ್ಲಿ ನಿಮ್ಮನ್ನೇ ಕೂರಿಸ್ತೀನಿ. ನನ್ನ ಮಾತು.”

ನೊಣವಿನಕೆರೆಯಲ್ಲಿ ಲಕ್ಷ್ಮೀದೇವಮ್ಮನ ಅಂಗಡಿ ಜಗಲಿಯ ಮೇಲೆ ನಿಂತು ಯೋಗೀಶ ಹಾಗೆಂದು ವರ್ಷಗಳಾಗಿದ್ದವು. ಹಳೆಯದು ಉರುಳಿತು. ಹೊಸದನ್ನು ಯೋಗೀಶ ಕೆಲಸಕ್ಕಿದ್ದ ಕಂಪನಿ ಮೊದಲು ಕಂಪ್ಯೂಟರಿನೊಳಗೆ ಕಟ್ಟಿತು.

ಅದರಲ್ಲಿ ಅನುಕೂಲವಿತ್ತು. ಇಟ್ಟಿಗೆ ಬೇಡ, ಸರಕು ಬೇಡ. ತಿಪಟೂರಿನ ಬಾಡಿಗೆ ಕೋಣೆಯಲ್ಲಿ ಹೆಂಗಸರನ್ನು ಕೂರಿಸಿ ಕಣ್ಣಿಗೆ ಕಂಪ್ಯೂಟರಿನೊಳಗಿನದನ್ನು ಕಾಣಿಸುವ ದಪ್ಪ ಕನ್ನಡಕ ಕಟ್ಟಿದರೆ ಸಾಕು, ಅಂಗಡಿಯೊಳಗೆ ಓಡಾಡುತ್ತಿದ್ದರು. ದೃಷ್ಟಿ ಎಲ್ಲಿ ನಿಂತಿತು, ಕೈ ಎತ್ತ ಹೋಯಿತು, ಎಲ್ಲವೂ ಯೋಗೀಶನ ಲ್ಯಾಪ್‌ಟಾಪಿನಲ್ಲಿ. ಗಲ್ಲಾದಲ್ಲಿ ಒಬ್ಬರನ್ನು ಕೂರಿಸಿ ನೋಡಿದ. ಎಬ್ಬಿಸಿ ನೋಡಿದ. ಯಾರೂ ಇಲ್ಲದಾಗ ಹೆಂಗಸರು ಹೆಚ್ಚು ಕೊಂಡರು.

ಗಲ್ಲಾದಲ್ಲಿ ಯಾರೂ ಬೇಡವೆಂಬ ವರದಿ ಆ ದಿನ ಬೆಳಿಗ್ಗೆಯೇ ಕಂಪನಿಗೆ ಹೋಗಿತ್ತು. ಅದನ್ನು ಹೇಳಿಬಿಡಬೇಕೆಂದೇ ಲಕ್ಷ್ಮೀದೇವಮ್ಮನನ್ನು ಕರೆಸಿದ್ದ.

ಆಕೆ ಮದುವೆಗೆ ಉಡುವ ಸೀರೆ ಉಟ್ಟು ಬಂದಿದ್ದರು. ಸೊಂಟದಲ್ಲಿ ಹಳೆಯ ಗಲ್ಲಾದ ಬೀಗದಕೈ.

“ಮರ್ತೇ ಬುಟ್ಟೆ ಅಂದ್ಕಂಡಿದ್ದೆ ಕಣಪ್ಪ. ಫೋನೂ ಎತ್ತಲ್ಲ, ದೊಡ್ಡ ಸಾಹೇಬ.”

“ಕೆಲಸ ಅಕ್ಕಾ.”

“ಯಾವತ್ತಿಂದ ಬರ್ಲಿ?”

ಯೋಗೀಶ ವೈರು ಬಿಡಿಸತೊಡಗಿದ. “ಮೊದ್ಲು ಅಂಗಡಿ ನೋಡಿ.”

ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ ಕನ್ನಡಕ ಕಟ್ಟಿದ. ಗುಂಡಿ ಒತ್ತಿ, ಆ ಕಂಪ್ಯೂಟರ್ ಅಂಗಡಿಯಿಂದ ತಾನೇ ತೆಗೆಸಿದ್ದ ಗಲ್ಲಾವನ್ನು ಆಕೆಯ ಮುಂದೆ ತಂದಿಟ್ಟ.

“ಅಯ್ಯೋ, ನಂದೇ ಜಾಗ ಅಲ್ವೇನ್ಲಾ ಇದು!” ಆಕೆಯ ಕೈ ಗಾಳಿಯನ್ನು ಸವರಿತು. “ತಕ್ಕಡಿ ಎಲ್ಲೋ?”

“ಇಲ್ಲ ಅಕ್ಕಾ.”

“ತಕ್ಕಡಿ ಇಲ್ದೆ ಏನ್ ಮಾರ್ತೀಯ, ಗಾಳೀನಾ?” ನಕ್ಕರು. “ಗಿರಾಕಿಗಳು?”

“ಬರ್ತಾರೆ.”

ಈಗ ಹೇಳಬೇಕು ಅಂದುಕೊಂಡ. ಲ್ಯಾಪ್‌ಟಾಪಿನತ್ತ ತಿರುಗಿದ.

ಆಕೆ ಕನ್ನಡಕದೊಳಗೆ ಪಕ್ಕದಲ್ಲಿ ಕಂಡ ರಾಶಿಯಿಂದ ಒಂದು ಒಣಗಾಯಿ ಎತ್ತಿ ಕಿವಿಯ ಬಳಿ ಅಲ್ಲಾಡಿಸಿದರು. ಒಳಗೆ ಕೊಬ್ಬರಿ ಒಣಗಿ ಚಿಪ್ಪಿನಿಂದ ಬಿಟ್ಟುಕೊಂಡಿದ್ದರೆ ಲೊಡಲೊಡ ಎನ್ನಬೇಕು. ಒಂದು ವಾರದಿಂದ ಕೋಣೆಗೆ ಬಂದ ಪ್ರತಿಯೊಬ್ಬ ಹೆಂಗಸೂ ಇದನ್ನೇ ಮಾಡಿದ್ದಳು. ವರದಿಯಲ್ಲಿ ಅದಕ್ಕೆ ಜಾಗವಿರಲಿಲ್ಲ.

“ಸದ್ದೇ ಇಲ್ವಲ್ಲೋ.”

“ಇನ್ನೊಂದು ನೋಡಿ ಅಕ್ಕಾ.”

ಇನ್ನೊಂದನ್ನು ಎತ್ತಿದರು. ಮತ್ತೊಂದನ್ನು. ಕಣ್ಣು ಕಟ್ಟಿಕೊಂಡ ಮುದುಕಿ ಬರಿಗೈಯನ್ನು ಕಿವಿಗೆ ಹಿಡಿದು, ಕತ್ತು ವಾಲಿಸಿ, ಉಸಿರು ಬಿಗಿಹಿಡಿದು ಕೇಳುತ್ತಿದ್ದರು.

ಲಕ್ಷ್ಮೀದೇವಮ್ಮ ಗಲ್ಲಾದಲ್ಲಿ ಕೂತಿದ್ದರು. ಯೋಗೀಶ ಕೊಟ್ಟ ಮಾತು ನಡೆಸಿದ್ದ.